ಜರ್ಮನಿಯ ಫ್ಯಾಕ್ಟರಿಯಲ್ಲಿ ಗಾಯವಾದರೆ ಮೊದಲು ಬರೆಸಿ

ಕಳೆದ ತಿಂಗಳು ಹೊಸದಾಗಿ ಬಂದ ನಮ್ಮ ಹುಡುಗನೊಬ್ಬ ಫೋನ್ ಮಾಡಿದ. ಮೆಷಿನ್‌ಗೆ ಬೆರಳು ಸಿಕ್ಕಿ ಕೊಯ್ದಿದೆ, ಬಟ್ಟೆ ಸುತ್ತಿಕೊಂಡೇ ಶಿಫ್ಟ್ ಮುಗಿಸಿದ್ದಾನೆ. ನಾನೂ ಹಾಗೇ ಮಾಡಿದ್ದೆ.

ಜ್ವರ ಬಂದರೆ ಏನು ಮಾಡಬೇಕು ಅಂತ ನಿಮಗೆ ಗೊತ್ತೇ ಇದೆ. ಅದನ್ನು ಬಿಡೋಣ. ಕೆಲಸದಲ್ಲಿ ಆದ ಗಾಯದ ದಾರಿಯೇ ಬೇರೆ.

ನನ್ನ ಅಂಗೈಗೆ ತಗಡಿನ ಅಂಚು ತಾಗಿದಾಗ 40 ಪೀಸ್ ಬಾಕಿ ಇತ್ತು. ಗ್ಲೌಸ್ ಒಳಗೆ ಟಿಶ್ಯೂ ತುರುಕಿ ಮುಗಿಸಿದೆ. ಯಾರಿಗೂ ಹೇಳಲಿಲ್ಲ. ಮರುದಿನ ಅದರಲ್ಲಿ 11 ಪೀಸ್ ವಾಪಸ್ ಬಂದವು. ನಾಲ್ಕನೇ ದಿನ ಹೆಬ್ಬೆರಳು ಮಡಚಲು ಬರಲಿಲ್ಲ. ಮನೆ ಹತ್ತಿರದ ಡಾಕ್ಟರಿಗೆ "ಕೊಯ್ದುಕೊಂಡೆ" ಅಂದೆ, ಎಲ್ಲಿ ಅಂತ ಹೇಳಲಿಲ್ಲ. ಕೆಲಸದ ಗಾಯ ನೋಡಿಕೊಳ್ಳುವ ವಿಮಾ ಸಂಸ್ಥೆ ಬೆರೂಫ್ಸ್‌ಗೆನೋಸ್ಸೆನ್‌ಶಾಫ್ಟ್ ಆಮೇಲೆ ಕೇಳಿದ್ದು ಒಂದೇ: ಇದು ಫ್ಯಾಕ್ಟರಿಯಲ್ಲೇ ಆಯ್ತು ಅನ್ನೋದಕ್ಕೆ ಏನಿದೆ? ನನ್ನ ಹತ್ತಿರ ಏನೂ ಇರಲಿಲ್ಲ. ಏಳು ತಿಂಗಳು ಪತ್ರ ಬರೆದೆ. ಅಷ್ಟೂ ದಿನ ಫಿಸಿಯೋಥೆರಪಿಯ ಪ್ರತಿ ಚೀಟಿಗೆ 10 ಯೂರೋ, ಜೊತೆಗೆ ಖರ್ಚಿನ ಶೇ. 10 ಕೈಯಿಂದ ಹೋಯಿತು. ಕೆಲಸದ ಗಾಯ ಅಂತ ಒಪ್ಪಿದ್ದರೆ ಅದೂ ಕೊಡಬೇಕಿರಲಿಲ್ಲ.

ಆದ್ದರಿಂದ ಗೀರು ಬಿದ್ದರೂ ಮೆಷಿನ್ ನಿಲ್ಲಿಸಿ. ಫಸ್ಟ್ ಏಡ್ ಪುಸ್ತಕದಲ್ಲಿ, ಅಂದರೆ ವೆರ್ಬಾಂಡ್‌ಬೂಖ್‌ನಲ್ಲಿ ಬರೆಸಿ: ಎಷ್ಟು ಹೊತ್ತಿಗೆ, ಎಲ್ಲಿ, ಹೇಗೆ ಆಯ್ತು, ಯಾರು ನೋಡಿದರು. ಕಂಪನಿ ಆ ದಾಖಲೆಯನ್ನು 5 ವರ್ಷ ಇಡಬೇಕು. ಕೆಲಸಕ್ಕೆ ಹೋಗಲಾಗದಂಥ ಗಾಯವಾದರೆ ಮಾಮೂಲಿ ಡಾಕ್ಟರ್ ಬೇಡ, ಕೆಲಸದ ಅಪಘಾತ ನೋಡುವ 'ಡುರ್ಖ್‌ಗಾಂಗ್ಸ್‌ಆರ್ಟ್ಸ್ಟ್' ಹತ್ತಿರ ಹೋಗಿ. ರಿಸೆಪ್ಷನ್‌ನಲ್ಲೇ 'ಆರ್ಬೈಟ್ಸ್‌ಉನ್‌ಫಾಲ್', ಅಂದರೆ ಕೆಲಸದ ಅಪಘಾತ, ಅನ್ನಿ. ಮೂರು ದಿನಕ್ಕಿಂತ ಜಾಸ್ತಿ ಕೆಲಸ ತಪ್ಪಿದರೆ ಕಂಪನಿಯೇ ಆ ವಿಮಾ ಸಂಸ್ಥೆಗೆ ವರದಿ ಕಳಿಸಬೇಕು. ಕಳಿಸಿದರಾ ಅಂತ ಕೇಳಿ.

ಮೊದಲ 6 ವಾರ ಕಂಪನಿ ಸಂಬಳ ಕೊಡುತ್ತದೆ. ವ್ಯತ್ಯಾಸ ಗೊತ್ತಾಗುವುದು ಆಮೇಲೆ. ಕಾಯಿಲೆಗೆ ಒಟ್ಟು ಸಂಬಳದ ಶೇ. 70 ಸಿಗುತ್ತದೆ, ಕೆಲಸದ ಗಾಯಕ್ಕೆ ಶೇ. 80. ಎರಡಕ್ಕೂ ಮೇಲಿನ ಮಿತಿ ಇದೆ.

ಈ ವಿಷಯದಲ್ಲಿ ಇಲ್ಲಿನ ವ್ಯವಸ್ಥೆಯೇ ಮೇಲು ಅಂತ ನನಗನ್ನಿಸುತ್ತದೆ. ನಮ್ಮಲ್ಲಿ ಸಂಬಳ ಒಂದು ಮಿತಿ ದಾಟಿದರೆ ಇಎಸ್‌ಐ ಇಲ್ಲ. ಇಲ್ಲಿ ಕೆಲಸ ಕಲಿಯುವವನಿಗೂ ಮ್ಯಾನೇಜರಿಗೂ ಮೊದಲ ದಿನದಿಂದಲೇ ರಕ್ಷಣೆ ಇದೆ, ವಿಮೆಯ ಕಂತು ಪೂರ್ತಿ ಕಂಪನಿಯದು. ಆದರೆ ಬರೆದಿಡದಿದ್ದರೆ ಇಲ್ಲಿ ಯಾರೂ ನಿಮ್ಮ ಮಾತು ಕೇಳುವುದಿಲ್ಲ.

ಆ ಹುಡುಗನಿಗೆ ಬೆಳಿಗ್ಗೆ ಹೋದ ಕೂಡಲೇ ಪುಸ್ತಕ ಕೇಳು ಅಂದೆ. ಕೇಳಿದ. ಪಕ್ಕದ ಮೆಷಿನ್‌ನವನು ಸಾಕ್ಷಿಯಾಗಿ ಹೆಸರು ಬರೆಸಿದ್ದಾನೆ.