ಏಳು ಕಲ್ಲಿನ ಓಲೆ ಕಲಿಸಿದ ಕಟ್

ತುಮಕೂರಿನ ಚಿಕ್ಕಪೇಟೆಯಲ್ಲಿ ನಮ್ಮದು ಸಣ್ಣ ಒಡವೆ ಅಂಗಡಿ. ಚಿನ್ನದ ವ್ಯಾಪಾರವೇ ಜಾಸ್ತಿ. ವಜ್ರ ಅಂದರೆ ಮೂಗುಬಟ್ಟು, ಏಳು ಕಲ್ಲಿನ ಓಲೆ, ಅಷ್ಟೇ. ಎಷ್ಟು ಸೆಂಟ್ (ಕ್ಯಾರೆಟ್ ತೂಕದ ನೂರನೇ ಒಂದು ಭಾಗ), ಕಲ್ಲು ಬೆಳ್ಳಗಿದೆಯಾ, ಒಳಗೆ ಚುಕ್ಕೆ ಇದೆಯಾ ಎಂದು ಎಲ್ಲರೂ ಕೇಳುತ್ತಾರೆ. ಕಟ್, ಅಂದರೆ ಕಲ್ಲನ್ನು ಕೊರೆದ ಕೋನ, ಅಳತೆ ಹೇಗಿದೆ ಎನ್ನುವವರು ಕಮ್ಮಿ. ಮೊದಮೊದಲು ನಾನೂ ಅದನ್ನು ನೋಡುತ್ತಿರಲಿಲ್ಲ.

ಒಮ್ಮೆ ಮದುವೆ ಓಲೆಗೆಂದು 10 ಸೆಂಟಿನ 14 ಕಲ್ಲು ತರಿಸಿದ್ದೆ. ಎರಡು ಕಲ್ಲು ತೂಕದಲ್ಲಿ ಅಷ್ಟೇ ಇದ್ದರೂ ಅಗಲವಾಗಿ ಕಂಡವು. ಖುಷಿಯಾಗಿ ಅವನ್ನೇ ನಡುವೆ ಕೂರಿಸಲು ಅಕ್ಕಸಾಲಿಗೆ ಹೇಳಿದೆ. ಅಂಗಡಿಯ ಲೈಟಿನ ಕೆಳಗೆ ಎಲ್ಲವೂ ಒಂದೇ ಥರ ಮಿಂಚಿದವು. ಹದಿನೈದು ದಿನಕ್ಕೆ ಹುಡುಗಿಯ ಅಜ್ಜಿ ಓಲೆ ಹಿಡಿದು ಬಂದರು. "ನೋಡಪ್ಪ, ನಡುವಿನ ಕಲ್ಲಿಗೆ ಕಳೆಯೇ ಇಲ್ಲ" ಎಂದರು.

ಬಾಗಿಲ ಬಳಿ ನಿಂತು ಲೂಪಿನಲ್ಲಿ, ಅಂದರೆ ಒಡವೆಯವರ ಭೂತಗನ್ನಡಿಯಲ್ಲಿ, ನೋಡಿದೆ. ಮೇಲಿನ ಚಪ್ಪಟೆ ಮುಖದ ಒಳಗೆ ಒಂದು ಮಬ್ಬು ಉಂಗುರ, ಥೇಟ್ ಮೀನಿನ ಕಣ್ಣು. ವ್ಯಾಪಾರದಲ್ಲಿ ಫಿಶ್ ಐ ಅನ್ನುವುದು ಇದನ್ನೇ. ಕಲ್ಲಿನ ಕೆಳಭಾಗಕ್ಕೆ ಆಳ ಸಾಲದಿದ್ದರೆ ಅದರ ಅಂಚೇ ಒಳಗೆ ಹೀಗೆ ಕಾಣುತ್ತದೆ. ಬೆಳಕು ಮೇಲಕ್ಕೆ ತಿರುಗದೆ ಕೆಳಗಿನಿಂದ ಸೋರಿ ಹೋಗುತ್ತದೆ. ಅಗಲವಾಗಿ ಕಂಡದ್ದೂ ಅದಕ್ಕೇ! ಎರಡೂ ಕಲ್ಲನ್ನು ನನ್ನ ಖರ್ಚಿನಲ್ಲಿ ಬದಲಾಯಿಸಿ ಕೊಟ್ಟೆ.

ಈಗ ಕಲ್ಲು ಬಂದ ಕೂಡಲೇ ಸೋಪಿನ ನೀರಿನಲ್ಲಿ ತೊಳೆಯುತ್ತೇನೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ಕೊಳೆಯಾದರೆ ಒಳ್ಳೆಯ ಕಟ್ಟೂ ಮಂಕಾಗಿ ಕಾಣುತ್ತದೆ. ಆಮೇಲೆ ಗೇಜಿನಲ್ಲಿ ಅಳೆಯುತ್ತೇನೆ. 10 ಸೆಂಟಿನ ದುಂಡು ಕಲ್ಲು ಸುಮಾರು 3 ಮಿಲಿಮೀಟರ್ ಅಗಲ ಇರಬೇಕು. 3.2 ಬಂದರೆ ಚಪ್ಪಟೆ ಇರಬಹುದೆಂದು ಅನುಮಾನ. 2.8 ಬಂದರೆ ತೂಕವೆಲ್ಲ ಆಳದಲ್ಲಿ ಅಡಗಿರಬಹುದು. ಕೆಳಭಾಗ ತೀರಾ ಆಳವಾದರೆ ನಡುವೆ ಕಪ್ಪು ಕೂರುತ್ತದೆ. ಕೆಳಭಾಗದ ಇಳಿಜಾರಿನ ಕೋನ 41 ಡಿಗ್ರಿ ಆಸುಪಾಸು, ಮೇಲಿನದು 34-35 ಇದ್ದರೆ ನನಗೆ ಸಮಾಧಾನ. ಕೊನೆಗೆ ಲೈಟ್ ಆರಿಸಿ, ಬಾಗಿಲ ಬೆಳಕಿನಲ್ಲಿ ಚಿಮಟದಲ್ಲಿ ಹಿಡಿದು ನಿಧಾನಕ್ಕೆ ವಾಲಿಸುತ್ತೇನೆ. ಬೆಳಕು, ನೆರಳು ಎರಡೂ ಚುರುಕಾಗಿ ಜಾಗ ಬದಲಾಯಿಸಬೇಕು.

ದೊಡ್ಡ ಕಲ್ಲಾದರೆ ಸರ್ಟಿಫಿಕೇಟ್ ಇರುತ್ತದೆ. ವಜ್ರ ಪರೀಕ್ಷಿಸುವ ಅಮೆರಿಕದ ಸಂಸ್ಥೆ ಜಿಐಎ 2006ರಿಂದ ದುಂಡು ಕಲ್ಲಿನ ಕಟ್‌ಗೆ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ದರ್ಜೆ ಕೊಡುತ್ತಿದೆ. ಪಾಲಿಶ್, ಸಿಮೆಟ್ರಿಗೂ ಬೇರೆ ದರ್ಜೆ ಬರೆದಿರುತ್ತದೆ. ಆದರೆ ಎಕ್ಸಲೆಂಟ್ ಎಂದಿರುವ ಎರಡು ಕಲ್ಲನ್ನು ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಒಂದೇ ಥರ ಹೊಳೆಯಬೇಕೆಂದಿಲ್ಲ. ಹಾಗಾಗಿ ಕಾಗದ ಓದಿದ ಮೇಲೂ ನಾನು ಕಲ್ಲು ಹಿಡಿದು ಬಾಗಿಲಿಗೆ ಹೋಗುತ್ತೇನೆ.

ಮದುವೆ ಓಲೆಯಿಂದ ತೆಗೆದ ಆ ಎರಡು ಕಲ್ಲನ್ನು ಮಾರಲಿಲ್ಲ. ಪೊಟ್ಟಣ ಕಟ್ಟಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ವಜ್ರ ಕೊಳ್ಳಲು ಬಂದವರ ಕೈಗೆ ಲೂಪ್ ಕೊಟ್ಟು, ಮೊದಲು ಅವನ್ನೇ ತೋರಿಸುತ್ತೇನೆ.