ಮನೆಯ ಪ್ರಾರ್ಥನಾ ಪೀಠಕ್ಕೆ ಒಂದಿಷ್ಟು ಕಾಳಜಿ
ಶಿಲುಬೆಯನ್ನು ಟಿವಿಯ ಮೇಲೆ ತೂಗುಹಾಕಿದ್ದನ್ನು ಕಂಡರೆ ನನಗೆ ಕಸಿವಿಸಿಯಾಗುತ್ತದೆ. ಮನೆಮಂದಿ ಕೂಡಿ ಮಣಿ ಎಣಿಸುತ್ತಾ ಜಪಸರ ಹೇಳುವ ಕಡೆ, ಮಕ್ಕಳ ಕಣ್ಣಿಗೂ ಬೀಳುವ ಎತ್ತರದಲ್ಲಿ ಹಾಕಿ. ನಮ್ಮ ದಾವಣಗೆರೆಯ ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ, ಪಟದ ಬಣ್ಣ ಬೇಗ ಮಾಸುತ್ತದೆ. ಹರಿಹರದ ಆರೋಗ್ಯ ಮಾತೆಯ (ಮರಿಯಮ್ಮನವರ) ಬಸಿಲಿಕಾ ಚರ್ಚಿಗೆ ಹೋದಾಗ ತಂದ ಪ್ಲಾಸ್ಟರ್ ಸ್ವರೂಪವನ್ನು (ಪ್ರತಿಮೆಯನ್ನು) ಒದ್ದೆ ಬಟ್ಟೆಯಿಂದ ಒರೆಸಬೇಡಿ. ಮೆತ್ತನೆಯ ಒಣ ಬ್ರಷ್ ಸಾಕು.

ಶಿಲುಬೆಯ ಹಿಂದೆ ಸಿಕ್ಕಿಸಿದ ಗರಿಗಳ ಭಾನುವಾರದ (ಈಸ್ಟರ್‌ಗೆ ಒಂದು ವಾರ ಮೊದಲಿನ ಭಾನುವಾರ ಚರ್ಚಿನಲ್ಲಿ ಕೊಡುವ) ತೆಂಗು-ತಾಳೆಯ ಗರಿ ಒಣಗಿದ ಮೇಲೆ ಥಟ್ಟನೆ ಹೊತ್ತಿಕೊಳ್ಳುತ್ತದೆ. ಮೇಣದಬತ್ತಿ ದೂರವಿರಲಿ. ಮುಂದಿನ ಬೂದಿ ಬುಧವಾರಕ್ಕೆ (ಈಸ್ಟರ್‌ಗೆ ಮುಂಚಿನ ಉಪವಾಸಕಾಲ ಶುರುವಾಗುವ ದಿನ) ಮೊದಲೇ ಆ ಗರಿಯನ್ನು ಚರ್ಚಿಗೆ ಕೊಡಿ. ಅಂದು ಹಣೆಗೆ ಹಚ್ಚುವ ಬೂದಿ ಇಂಥ ಗರಿಗಳನ್ನು ಸುಟ್ಟದ್ದೇ. ಆಶೀರ್ವದಿಸಿದ ಜಪಸರ ತುಂಡಾದರೆ, ಸ್ವರೂಪ ಒಡೆದರೆ, ದಯವಿಟ್ಟು ಕಸದ ಗಾಡಿಗೆ ಹಾಕಬೇಡಿ. ಯಾರೂ ತುಳಿಯದ ಕಡೆ ಮಣ್ಣಿನಲ್ಲಿ ಹೂಳಿ.