ನರಸಿಂಹ ಪರ್ವತದ ಮಂಜಿನಲ್ಲಿ ಮುಕ್ಕಾಲು ಗಂಟೆ

ಶೃಂಗೇರಿಗೆ ಬಂದವರು ಸಿರಿಮನೆ ಜಲಪಾತ ನೋಡಿಕೊಂಡು ವಾಪಸ್ ಹೋಗಿಬಿಡುತ್ತಾರೆ. ದಾರಿಯಲ್ಲೇ ಸಿಗುವ ಕಿಗ್ಗದಿಂದ ನರಸಿಂಹ ಪರ್ವತ ಹತ್ತುವವರು ಕಡಿಮೆ. ಎತ್ತರ 1,152 ಮೀಟರ್ ಅಷ್ಟೇ. ಕುದುರೆಮುಖ 1,894 ಮೀಟರ್ ಇದೆ, ಜನ ಅಲ್ಲಿಗೇ ನುಗ್ಗುತ್ತಾರೆ. ನನಗೆ ಈ ಗುಡ್ಡವೇ ಜಾಸ್ತಿ ಇಷ್ಟ.

ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ, ಹಾಗಾಗಿ ಮೊದಲೇ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡೆ. ಹೋಗಿದ್ದು ನವೆಂಬರ್‌ನಲ್ಲಿ. ಮಳೆ ನಿಂತಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ. ಉಂಬಳ (ನೆಲದ ಜಿಗಣೆ) ಮಾತ್ರ ಪೂರ್ತಿ ಹೋಗಿರುವುದಿಲ್ಲ. ಹೊಗೆಸೊಪ್ಪು ನೆನೆಸಿದ ನೀರಲ್ಲಿ ಸಾಕ್ಸ್ ಅದ್ದಿ ಒಣಗಿಸಿಕೊಂಡಿದ್ದೆ, ಅದು ಕೆಲಸ ಮಾಡಿತು. ಮೂರು ಲೀಟರ್ ನೀರನ್ನು ಕೆಳಗಿನಿಂದಲೇ ಹೊತ್ತೆ.

ಮೊದಲು ಕಾಡು, ಆಮೇಲೆ ಬರೀ ಹುಲ್ಲು. ಗಾಳಿ ಬಡಿಯುವ ಬೆನ್ನಿನ ಮೇಲೆ ಮರ ನಿಲ್ಲುವುದಿಲ್ಲ, ಮಣ್ಣು ತೇವ ಇರುವ ಮಡಿಲುಗಳಲ್ಲಿ ಮಾತ್ರ ಶೋಲಾ ಕಾಡು ಒತ್ತಾಗಿ ಕೂತಿರುತ್ತದೆ. ನೋಡೋಕೆ ಚಂದ, ಆದರೆ ದಾರಿ ತಪ್ಪುವುದು ಈ ಹುಲ್ಲಲ್ಲೇ. ಕಾಟಿ, ಅಂದರೆ ಕಾಡುಕೋಣ, ಓಡಾಡಿದ ಜಾಡೂ ಕಾಲುದಾರಿಯ ಹಾಗೇ ಕಾಣುತ್ತದೆ.

ಹನ್ನೊಂದರ ಹೊತ್ತಿಗೆ ಪಡುವಣದಿಂದ ಮಂಜು ಬಂತು. ಆಗುಂಬೆಯ ಈ ಸಾಲು ಕರಾವಳಿಯ ಕಡೆ ಒಮ್ಮೆಲೇ ಇಳಿಯುತ್ತದೆ, ಸಮುದ್ರದ ಹಸಿ ಗಾಳಿ ನೇರ ಮೇಲೇರಿ ಇಲ್ಲೇ ಮಂಜಾಗುತ್ತದೆ. ಎರಡು ನಿಮಿಷದಲ್ಲಿ ನನ್ನ ಬೂಟು ಬಿಟ್ಟರೆ ಬೇರೇನೂ ಕಾಣಲಿಲ್ಲ. ಕಾಲಡಿಯಲ್ಲಿ ಜಾಡು ಇದೆಯಲ್ವಾ ಅಂತ ನಾನು ಮುಂದೆ ಹೆಜ್ಜೆ ಹಾಕಿದೆ. ಜೊತೆಗಿದ್ದ ಊರಿನ ಗೈಡ್ ತೋಳು ಹಿಡಿದು ನಿಲ್ಲಿಸಿದರು.

"ಸುಮ್ನೆ ಕೂತ್ಕಳಿ ಮಾರಾಯ್ರೆ, ಅದು ತಾನಾಗೇ ಹೋಗ್ತದೆ."

ಕೂತೆವು. ಬ್ಯಾಗಲ್ಲಿದ್ದ ಸ್ವೆಟರ್ ಹಾಕಿಕೊಂಡೆ, ಚಿತ್ರಾನ್ನ ಹಂಚಿಕೊಂಡು ತಿಂದೆವು. ಮುಕ್ಕಾಲು ಗಂಟೆಯಾದ ಮೇಲೆ ಗಾಳಿ ತಿರುಗಿ ಎಲ್ಲ ತೆರೆದುಕೊಂಡಿತು. ನಾನು ಹಿಡಿಯಲು ಹೊರಟಿದ್ದ ಜಾಡು ಇಪ್ಪತ್ತು ಹೆಜ್ಜೆ ಹೋಗಿ ಬಲಕ್ಕೆ ತಿರುಗಿ ಶೋಲಾದೊಳಗೆ ಇಳಿದಿತ್ತು. ತಿರುವಿನಾಚೆ ಕಡಿದಾದ ಇಳಿಜಾರು. ನಮ್ಮ ದಾರಿ ಎಡಕ್ಕಿತ್ತು. ಅದನ್ನು ನೋಡಿ ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ.

ತುದಿಯ ಹತ್ತಿರದ ಕೊಳದ ಪಕ್ಕ ಕೂತಾಗ ಗೈಡ್ ವಾಯವ್ಯಕ್ಕೆ ಕೊಡಚಾದ್ರಿಯ ಸಾಲು ತೋರಿಸಿದರು. ಎರಡು ಗಂಟೆಗೆ ಇಳಿಯಲು ಶುರು ಮಾಡಿದೆವು, ಕಾಡಿನೊಳಗೆ ಬೇಗ ಕತ್ತಲಾಗುತ್ತದೆ. ಸಂಜೆ ಕಿಗ್ಗದ ಋಷ್ಯಶೃಂಗೇಶ್ವರನ ಗುಡಿಗೆ ಹೋದೆ. ಮಳೆ ಬರಲಿ ಅಂತ ಜನ ದೂರದೂರದಿಂದ ಬಂದು ಪೂಜೆ ಮಾಡಿಸುವ ದೇವರು. ಕೈ ಮುಗಿದು ನಿಂತಾಗ ನನ್ನ ಸ್ವೆಟರ್ ಇನ್ನೂ ಒದ್ದೆಯಿತ್ತು.